ಕಚ್ಚಿ ಕುಡಿದ ನೀರು

ನಿನ್ನೆ ಮೊಮ್ಮಗ ಶಾಲೆಯ ದೇಶಭಕ್ತಿಯ ಭಾಷಣವನ್ನು ಉರುಹೊಡೆಯುತ್ತಾ, ನಡುವೆ ಹಳೆಯ ತಾಮ್ರದ ಲೋಟ ಕಚ್ಚಿ ನೀರು ಕುಡಿದ. ‘ಎತ್ತಿ ಕುಡಿಯೋ, ಎಂಜಲು!’ ಎಂದು ಸೊಸೆ ಒಳಗಿನಿಂದ ಗದರಿದಳು. ಭಾಷಣ ನಿಂತಿತು. ತುಟಿಗೆ ತಾಗಿಸದೆ ಎತ್ತಿ ಕುಡಿಯುವುದೇ ನಮ್ಮ ಕಡೆ ಮರ್ಯಾದೆ, ನಿಮಗೂ ಗೊತ್ತಲ್ಲ. ಅದನ್ನು ಕಲಿಯುವಷ್ಟರಲ್ಲಿ ನಾನು ನೀರು ಚೆಲ್ಲಿಕೊಂಡು ಒದ್ದೆ ಮಾಡಿದ ಲಂಗಗಳಿಗೆ ಲೆಕ್ಕವಿಲ್ಲ.

ನನ್ನ ತವರೂರು ಕಳಲೆಯ ನಮ್ಮ ಚಿಕ್ಕಪ್ಪ ಮಹಾರಾಜರ ಕುದುರೆ ಪಡೆಯಲ್ಲಿದ್ದವನು. ದೊಡ್ಡ ಯುದ್ಧಕ್ಕೆಂದು ಹಡಗು ಹತ್ತಿ, ಮರಳುಗಾಡಿನಲ್ಲಿ ವರ್ಷಗಟ್ಟಲೆ ಇದ್ದು ಬಂದ. ಊರಿನವರು ಹಾರ ಹಾಕಿದರು. ಅವನ ಪದಕ ಚಿನ್ನದ್ದೆಂದು ಗೆಳತಿಯರ ಮುಂದೆ ಮೆರೆದವಳು ನಾನು. ಆದರೆ ಬಂದ ದಿನವೇ ಅವನು ಎಲ್ಲರೆದುರು ಲೋಟ ಕಚ್ಚಿ ನೀರು ಕುಡಿದುಬಿಟ್ಟ. ಅಜ್ಜಿ ಮುಖ ಗಂಟು ಹಾಕಿಕೊಂಡಳು.

‘ಅಲ್ಲಿ ಎತ್ತಿ ಕುಡುದ್ರೆ ಅರ್ಧ ನೀರು ಗಾಳಿಪಾಲು ಕಣವ್ವ. ನಮ್ಮೋರೆಲ್ಲ ಒಂದೇ ಬಾಟ್ಲು ಕಚ್ಚಿ ಕುಡೀತಿದ್ದೊ.’

‘ನಮ್ಮೋರು ಅಂದ್ರೆ ಯಾರ್ಲಾ? ನೆಂಟರಾ?’

‘ನೀರು ಅಂಚ್ಕೊಂಡೋರು ಕಣವ್ವ. ಸಾಬರು, ಮರಾಠಿಯೋರು...’

ಅಂದಿನಿಂದ ಅವನ ಲೋಟ ಜಗಲಿಯ ಗೂಡಿಗೆ ಹೋಯಿತು, ಊಟದ ತಟ್ಟೆಯೂ ಅದರ ಹಿಂದೆಯೇ. ಗುಂಡಿಗೆ ಹೆದರದವನು ಹೆತ್ತವಳೆದುರು ತಲೆ ತಗ್ಗಿಸಿ ಜಗಲಿಯಲ್ಲೇ ಉಂಡ. ‘ದೊರೆಗಳ ಉಪ್ಪಿನ ಋಣ ತೀರಿಸ್ಬಂದೆ ಕಣವ್ವಾ, ಅವ್ವನ ಮನೆ ಒಳಿಕ್ ಬರಾಕಾಗ್ನಿಲ್ಲ’ ಎಂದು ನನ್ನೊಡನೆ ಹೇಳಿ ನಗುತ್ತಿದ್ದ. ನಗುವಾಗಲೂ ಕಣ್ಣು ಅಡುಗೆಮನೆಯ ಬಾಗಿಲ ಮೇಲೆಯೇ ಇರುತ್ತಿತ್ತು. ನನಗೆ ಅಳು ಬರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ನಂಜನಗೂಡಿನಲ್ಲಿ ರೈಲಿಳಿದು ಗಾಡಿ ಹಿಡಿದು ಒಬ್ಬರು ಸಾಬರು ಬಂದರು. ಪಡೆಯ ಜೊತೆಗಾರ, ಒಂದು ಕಾಲು ಕುಂಟು. ಚಿಕ್ಕಪ್ಪ ಓಡಿಹೋಗಿ ತಬ್ಬಿಕೊಂಡ. ಅಜ್ಜಿ ಚೊಂಬು ತಂದಾಗ ಸಾಬರು ವಾಡಿಕೆಯಂತೆ ಬಗ್ಗಿ ಬೊಗಸೆಯೊಡ್ಡಿದರು. ಅಜ್ಜಿ ನೀರು ಹುಯ್ಯಲಿಲ್ಲ.

‘ನನ್ ಮಗನ್ಗೆ ನೀರು ಕೊಟ್ಟೋನು ನೀನೇನಪ್ಪಾ?’

‘ಅವ್ನೇ ನನಗೆ ಕೊಟ್ಟಿದ್ದು ಅಮ್ಮಾ. ಕಾಲಿಗೆ ಗುಂಡು ತಾಗಿ ಬಿದ್ದಿದ್ದೆ. ಕಡೇ ಗುಟುಕು ನನ್ ಬಾಯಿಗೆ ಬಿಟ್ಟ. ತಾನು ಕುಡೀಲೇ ಇಲ್ಲ.’

ಇದನ್ನು ಚಿಕ್ಕಪ್ಪ ಯಾರಿಗೂ ಹೇಳಿರಲಿಲ್ಲ. ಅಜ್ಜಿ ಒಳಗೆ ಹೋಗಿ ತನ್ನದೇ ತಾಮ್ರದ ಲೋಟ ತುಂಬಿ ತಂದಳು.

‘ತಕೋ, ಕಚ್ಚೇ ಕುಡಿಯಪ್ಪ.’ ಆಮೇಲೆ ಮಗನ ಕಡೆ ತಿರುಗಿ, ‘ನೀನ್ಯಾಕ್ಲಾ ಈಚೆ ನಿಂತಿದ್ದೀಯ? ಇಬ್ರೂ ಒಳಿಕ್ ಬನ್ನಿ, ಉಣ್ಣೀರಂತೆ’ ಎಂದಳು.

ಸುಳ್ಳು ಯಾಕೆ ಹೇಳಲಿ, ಸಾಬರು ಹೊರಟ ಮೇಲೆ ಅಜ್ಜಿ ಆ ಲೋಟವನ್ನು ಹುಣಸೆಹಣ್ಣು ಹಾಕಿ ಚೆನ್ನಾಗಿಯೇ ತಿಕ್ಕಿದಳು. ತಿಕ್ಕಿ, ಚಿಕ್ಕಪ್ಪನ ಲೋಟದ ಜೊತೆ ಒಳಗಿನ ಸಾಲಿನಲ್ಲಿ ಇಟ್ಟಳು. ದೇಶದ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಜಗಲಿಯಿಂದ ಅಡುಗೆಮನೆಯವರೆಗಿನ ಆ ದೂರವನ್ನು ದಾಟಿದ ಭಾಷಣ ಕಡಿಮೆ.

ನಿನ್ನೆ ಮೊಮ್ಮಗ, ನನ್ನಜ್ಜಿಯಿಂದ ನನ್ನ ಪಾಲಿಗೆ ಬಂದ ಅದೇ ಲೋಟ ಹಿಡಿದು ಪೆಚ್ಚಾಗಿ ನಿಂತಿದ್ದ. ‘ಇಲ್ಲಿ ಕೊಡು’ ಎಂದೆ. ಅವನು ಬಿಟ್ಟಿದ್ದ ನೀರನ್ನು, ಈ ಜನ್ಮದಲ್ಲಿ ಮೊದಲ ಸಲ, ಕಚ್ಚಿ ಕುಡಿದೆ. ಸೊಸೆ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

‘ಈಗ ಹೇಳು ಮಗ, ನಿನ್ನ ಭಾಷಣ’ ಎಂದೆ.