ಡಿಶ್ ಕೂರಿಸಲು ಇಬ್ಬರು ಬೇಕು

ಡಿಶ್ ಕೂರಿಸುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮಾಳಿಗೆಯ ಮೇಲೆ ನಿಂತು ಡಿಶ್‌ನ ಬುಟ್ಟಿಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಟಿವಿ ಮುಂದೆ ನಿಂತು ಚಿತ್ರ ಬಂತೋ ಹೋಯಿತೋ ಎಂದು ಕೂಗಬೇಕು. ಈಗ ಅದಕ್ಕೊಂದು ಮೀಟರ್ ಬಂದಿದೆ. ಅಂಗೈಯಗಲದ ಪೆಟ್ಟಿಗೆ; ಸಿಗ್ನಲ್ ಸಿಕ್ಕರೆ ಪೀ ಎನ್ನುತ್ತದೆ. ನನ್ನ ಚೀಲದಲ್ಲೂ ಒಂದಿದೆ. ಆದರೆ ಶಿರಗುಪ್ಪಿಯಿಂದ ಜುಗೂಳದವರೆಗೆ ಯಾರ ಮನೆಗೆ ಹೋದರೂ ಅದನ್ನು ಹೊರಗೆ ತೆಗೆಯುವುದು ಕಡಿಮೆ. ಮನೆಮಂದಿ ಕೂಗಿದರೇನೇ ನನಗೆ ಕೆಲಸ ಮಾಡಿದ ಹಾಗಾಗುವುದು. ನಿಪ್ಪಾಣಿ ಕಡೆ "ಆಲಂ, ಆಲಂ!" ಎಂದು ಮರಾಠಿಯಲ್ಲಿ ಕೂಗುತ್ತಾರೆ, ಇತ್ತ ಕಡೆ "ಬಂತ್ರಿ, ಬಂತ್ರಿ!" ಎಂದು. ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಅಲ್ಲಿ ಕೂಗಿನ ಬೆನ್ನಿಗೇ "ಜಲ್ದಿ ಮುಗಸ್ರಿ, ನಿಮಗೂ ತಾಟ ಹಚ್ಚೀವಿ" ಎನ್ನುವ ಕರೆಯೂ ಬರುತ್ತದೆ.

ನಮ್ಮ ಮನೆಯಲ್ಲಿ ಕೆಳಗೆ ನಿಂತು ಕೂಗುತ್ತಿದ್ದವಳು ನನ್ನ ಹೆಂಡತಿ. ಅಂಥ ಸಹಾಯಕಿ ಯಾವ ಡಿಶ್‌ನವನಿಗೂ ಸಿಗಬಾರದು. ಒಂದು ಬೇಸಿಗೆಯಲ್ಲಿ ಕಾದ ಮಾಳಿಗೆಯ ಮೇಲೆ ನಿಂತು, ಗಂಟಲು ಹರಿಯುವಂತೆ "ಬಂತೇನ?" ಎಂದು ಕೂಗಿದೆ.

"ಬಂತ್ರಿ! ಛಲೋ ಬಂತು. ಇಳೀರಿ."

ಪಾನಾ ಹಿಡಿದು ನಟ್ಟುಗಳನ್ನೆಲ್ಲ ಬಿಗಿದೆ. ಇಳಿದು ಬಂದು ನೋಡಿದರೆ ಪರದೆ ಬರೀ ನೀಲಿ. ಸಿಟ್ಟಿಗೆ ಪಾನಾವನ್ನು ನೆಲಕ್ಕೆ ಬಡಿದೆ.

"ಬರದ ಇದ್ದದ್ದನ್ನ ಬಂತ ಅಂತ ಯಾಕ ಹೇಳಿದಿ?"

"ಬಿಸಲಾಗ ನಿಂತು ಸುಡಾಕತ್ತಿದ್ರಿ. ಮೊದಲ ಮಜ್ಜಿಗಿ ಕುಡೀರಿ. ಚಿತ್ರ ಎಲ್ಲಿ ಓಡಿ ಹೋಗತೈತಿ?"

ಬೈಯುತ್ತಲೇ ಕುಡಿದೆ. ಆಮೇಲೆ ವರ್ಷಗಟ್ಟಲೆ ಈ ಕಥೆಯನ್ನು ಗಿರಾಕಿಗಳ ಮನೆಯಲ್ಲಿ ಹೇಳಿ ನಗಿಸಿದೆ.

ಆಕೆ ತೀರಿಕೊಂಡು ವರ್ಷದ ಮೇಲಾಯಿತು. ಈ ಸಲದ ವೈಶಾಖದ ಗಾಳಿಗೆ ನಮ್ಮ ಡಿಶ್ ತಿರುಗಿಕೊಂಡಿತು. ಊರವರ ಡಿಶ್‌ಗಳೂ ತಿರುಗಿದ್ದವು. ವಾರದೊಳಗೆ ಎಲ್ಲವನ್ನೂ ಸರಿ ಮಾಡಿದೆ. ನಮ್ಮದನ್ನು ಮಾತ್ರ ಬಿಟ್ಟೆ. ಕೈತುಂಬ ಕೆಲಸ, ನಾಳೆ ನೋಡಿದರಾಯಿತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವಾಗಿ ಹೆದರಿದ್ದೆ. ಮೇಲೆ ನಿಂತು "ಬಂತೇನ?" ಎಂದರೆ ಕೆಳಗಿನಿಂದ ಉತ್ತರ ಬರುವುದಿಲ್ಲವಲ್ಲ. ಮನೆಯಲ್ಲಿ ಮಾತೂ ಇಲ್ಲ, ಟಿವಿಯೂ ಇಲ್ಲ. ಸಂಜೆ ಊಟಕ್ಕೆ ಕೂತರೆ ಕಟಕ್ ರೊಟ್ಟಿ ಮುರಿಯುವ ಸಪ್ಪಳವೊಂದೇ.

ಕಡೆಗೆ ಒಂದು ಮಧ್ಯಾಹ್ನ ಆ ಮೌನ ತಡೆಯಲಾರದೆ ಮಾಳಿಗೆ ಹತ್ತಿದೆ. ಮೀಟರ್ ಹಿಡಿದು ಹೋಗಿದ್ದರೆ ಐದು ನಿಮಿಷದ ಕೆಲಸ. ಹಟಮಾರಿ ನಾನು, ಚೀಲ ಕೆಳಗೇ ಬಿಟ್ಟೆ. ಆಕೆ ಕೂಗುತ್ತಿದ್ದ ಮನೆಯಲ್ಲಿ ಒಂದು ಪೆಟ್ಟಿಗೆ ಪೀ ಎನ್ನುವುದು ನನಗೆ ಬೇಡವಾಗಿತ್ತು. ಬುಟ್ಟಿಯನ್ನು ಒಂದಿಷ್ಟು ತಿರುಗಿಸುವುದು, ಮೆಟ್ಟಿಲಿಳಿದು ಟಿವಿ ನೋಡುವುದು, ಮತ್ತೆ ಹತ್ತುವುದು. ಎಂಟು-ಹತ್ತು ಸಲ ಆಯಿತು.

ಪಕ್ಕದ ಮನೆಯ ಸೊಸೆ ತಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ನನ್ನ ಹತ್ತಿಳಿಯುವ ಆಟವನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಕಾಕಾ, ನಾ ಬಂದು ಕೆಳಗ ನಿಂದರ್ಲೇನ್ರಿ? ಬಂತಂದ್ರ ಕೂಗಿ ಹೇಳ್ತೀನಿ."

ಒಳ್ಳೆಯ ಹುಡುಗಿ. ಆದರೆ ಹೆಂಡತಿ ನಿಲ್ಲುತ್ತಿದ್ದ ಜಾಗದಿಂದ ಬೇರೆಯವರ ದನಿ ಕೇಳಿದರೆ ನಾನು ಅಲ್ಲೇ ಅತ್ತುಬಿಡುತ್ತೇನೆ ಎನ್ನಿಸಿತು.

"ಬ್ಯಾಡವ್ವಾ, ಬಂತು," ಎಂದೆ. "ಛಲೋ ಬಂತು."

"ಹಂಗಾರ ಇಳೀರಿ ಕಾಕಾ, ಬಿಸಲ ಭಾಳ ಐತಿ."

ಅವಳು ನೋಡುತ್ತಿದ್ದಳಲ್ಲ, ನಟ್ಟುಗಳನ್ನೂ ಬಿಗಿದೆ. ಇಳಿದು ಬಂದೆ. ಪರದೆ ನೀಲಿಯಾಗಿಯೇ ಇತ್ತು. ಬರದ ಇದ್ದದ್ದನ್ನ ಬಂತ ಅಂತ ಯಾಕ ಹೇಳಿದಿ ಎಂದು ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ಗಡಿಗೆಯಿಂದ ಮಜ್ಜಿಗೆಯನ್ನು ನಾನೇ ಬಗ್ಗಿಸಿಕೊಂಡು, ಟಿವಿ ಮುಂದೆ ಕೂತು ಕುಡಿದೆ.