ಅರ್ಧ ಬಿರಿದ ಪರಾಗಚೀಲ

ಹೋದ ಮಾರ್ಚಿನಲ್ಲಿ ತೀರಿಹೋದ ವಿಲ್ಡಾ ಹಾರ್ಗ್ರೋವ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದಳು. ಬೇಸಿಗೆ ರಜೆ ಬಂತೆಂದರೆ ಅಮೆರಿಕದ ವಯೋಮಿಂಗ್ ರಾಜ್ಯದ ಬೋಳುಗುಡ್ಡಗಳ ನೆತ್ತಿಯಲ್ಲಿ ಬೋರಲು ಮಲಗಿ ಪೆನ್‌ಸ್ಟೆಮನ್ ಹೂಗಳನ್ನು ಗುರುತಿಸುತ್ತಿದ್ದಳು. ಗೇಣುದ್ದವೂ ಇಲ್ಲದ, ನೆಲಕ್ಕಂಟಿಕೊಂಡ ನೀಲಿ ಹೂಗಳು. ಯಾವುದು ಯಾವ ಜಾತಿ ಎಂದು ಜಿಲ್ಲಾ ಕಚೇರಿಯವರೂ ಅವಳನ್ನೇ ಕೇಳುತ್ತಿದ್ದರು.

ಸಿಡಿಲೆಂದರೆ ಅವಳಿಗೆ ಜೀವ ಹಾರುತ್ತಿತ್ತು. ಜುಲೈನಲ್ಲಿ ಮಧ್ಯಾಹ್ನದ ಮೋಡ ಕಟ್ಟುವ ಮೊದಲೇ ನೆತ್ತಿ ಬಿಟ್ಟು ಇಳಿಯುವುದು ಅಲ್ಲಿ ಎಲ್ಲರ ಕಟ್ಟಳೆ. ವಿಲ್ಡಾ ಹನ್ನೊಂದಕ್ಕೇ ಇಳಿದುಬಿಡುತ್ತಿದ್ದಳು.

ಒಂದು ವರ್ಷ ಜುಲೈನಲ್ಲಿ ಕಲ್ಲುಕ್ವಾರಿಯ ದಾರಿಗಾಗಿ ಒಂದು ನೆತ್ತಿಯನ್ನು ಅಗೆಯುವವರಿದ್ದರು. ಅಲ್ಲಿರುವುದು ಮಾಮೂಲಿ ಜಾತಿ, ಅಗೆಯಬಹುದು ಎಂದು ಅವಳೇ ಬರೆದುಕೊಟ್ಟಿದ್ದಳು. ಬುಲ್ಡೋಜರ್ ಬರುವ ಹಿಂದಿನ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಅವಳಿಗೆ ತಟ್ಟನೆ ನೆನಪಾಯಿತು. ಮಾಮೂಲಿ ಜಾತಿಯಲ್ಲಿ ಹೂವಿನೊಳಗಿನ ಪರಾಗಚೀಲ ಉದ್ದಕ್ಕೂ ಬಿರಿಯುತ್ತದೆ. ಅಪರೂಪದ್ದರಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಹೋದ ಸಲ ಅಲ್ಲಿ ಅವಳು ಕಂಡದ್ದು ಅರ್ಧ ಬಿರಿದದ್ದನ್ನು. ಬಿಸಿಲೇರಿದರೆ ಮಿಕ್ಕದ್ದೂ ಬಿರಿದೀತು ಎಂದುಕೊಂಡು ಇಳಿದುಬಂದಿದ್ದಳು.

ಗೆಳತಿ ನೆಟ್ಟಿಯನ್ನು ಜೊತೆ ಮಾಡಿಕೊಂಡು ಮತ್ತೆ ಹತ್ತಿದಳು. ಒಂದು ಗಂಟೆಗೆ ಪಶ್ಚಿಮದಲ್ಲಿ ಮೋಡ ಕಪ್ಪಾಯಿತು.

"ಏಳೇ, ಹೋಗೋಣ," ಎಂದಳು ನೆಟ್ಟಿ. "ಇಷ್ಟು ವರ್ಷ ಇವುಗಳ ಕಾಲಿಗೆ ಬಿದ್ದಿದ್ದೀಯ, ಒಂದಾದ್ರೂ ನಿನ್ನ ಮಾತಾಡಿಸಿದ್ಯಾ?"

"ಸುಮ್ನಿರೇ. ಕೈ ನಡುಗಿ ಭೂತಗನ್ನಡಿ ನಿಲ್ತಿಲ್ಲ."

"ಇಷ್ಟು ಹೆದರ್ಕೊಂಡು ಇನ್ನೂ ಯಾಕೆ ಬಿದ್ಕೊಂಡಿದೀಯ?"

"ನಾಳೆ ಅಗೆದ್ಮೇಲೆ ನೋಡೋಕೆ ಏನಿರತ್ತೆ?"

ಗುಡುಗಿತು. ನೆಟ್ಟಿ ಬೈಯುತ್ತಲೇ ಪಕ್ಕದಲ್ಲಿ ಮಲಗಿ ವಿಲ್ಡಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಹೂ ಸ್ಪಷ್ಟವಾಯಿತು. ಚೀಲ ಅರ್ಧಕ್ಕೇ ನಿಂತಿತ್ತು. ಪರಾಗವೆಲ್ಲ ಉದುರಿ ಒಳಗೆ ಖಾಲಿ, ಇನ್ನು ಬಿರಿಯುವುದಿರಲಿಲ್ಲ. ಇನ್ನೆರಡು ಹೂ ನೋಡಿದಳು. ಅವೂ ಹಾಗೇ.

ಅಷ್ಟರಲ್ಲಿ ಇಬ್ಬರ ತೋಳಿನ ರೋಮವೂ ನೆಟ್ಟಗೆ ಎದ್ದಿತು, ಸಿಡಿಲು ಬೀಳುವ ಮುಂಚಿನ ಸೂಚನೆ.

ಬಿದ್ದು ಎದ್ದು ಓಡಿದರು. ನೆತ್ತಿಗೆ ಸಿಡಿಲು ಬಡಿದಾಗ ವಿಲ್ಡಾ ಕೆಳಗಿನ ಮರಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಕಿವಿ ಮುಚ್ಚಿಕೊಂಡಿದ್ದಳು.

ರಸ್ತೆ ಬದಿಯ ಅಂಗಡಿಯಿಂದ ಜಿಲ್ಲಾ ಕಚೇರಿಗೆ ಫೋನ್ ಮಾಡಿದಳು.

"ನಾನು ತಪ್ಪು ಬರ್ಕೊಟ್ಟಿದೀನಿ. ಅದು ಅಪರೂಪದ್ದು. ಅಗೀಬೇಡಿ."

"ಹೋದ್ಸಲಾನೂ ಖಂಡಿತ ಅಂದಿದ್ರಲ್ಲಮ್ಮ," ಎಂದ ಗುಮಾಸ್ತ.

"ಹೋದ್ಸಲ ಹೆದರಿ ಬೇಗ ಇಳಿದುಬಿಟ್ಟೆ. ಹಾಗೇ ಬರ್ಕೊಳ್ಳಿ, ನನ್ನ ಹೆಸರು ಹಾಕಿ."

ಆ ಕಡೆ ಪೆನ್ನಿನ ಸದ್ದು. ಆಮೇಲೆ, "ಆಯ್ತು, ಗಾಡಿ ನಿಲ್ಲಿಸೋಕೆ ಹೇಳ್ತೀನಿ."

ಫೋನ್ ಕೆಳಗಿಡಲು ಅವಳ ಬೆರಳು ಬಿಚ್ಚಲಿಲ್ಲ. ನೆಟ್ಟಿಯೇ ಒಂದೊಂದಾಗಿ ಬಿಡಿಸಿದಳು.