ಮುಂದೋಡಿದ ಗಡಿಯಾರ

ಸದಾ ವೈರು ಹಿಡಿದೇ ಓಡಾಡುವುದರಿಂದ ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ವೈರಮ್ಮ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು, ನೋಡಿ ನೋಡಿಯೇ ಕಲಿತು, ಹನ್ನೊಂದು ವರ್ಷದಿಂದ ಇಡೀ ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ಮೂರನೇ ವಾರ್ಡಿನ ನರ್ಸ್ ಅವಳ ಅಣ್ಣನ ಹೆಂಡತಿ.

ಒಂದು ಸೋಮವಾರ ಮಧ್ಯಾಹ್ನ ಎರಡು ಹತ್ತಕ್ಕೆ ಆ ವಾರ್ಡಿನಲ್ಲಿ ವೃದ್ಧರೊಬ್ಬರ ನಾಡಿ ಕುಸಿಯಿತು. ನರ್ಸ್ ಮೇಜಿನ ಮೇಲಿನ ಪರದೆ ಕೂಗಿಕೊಳ್ಳಬೇಕಿತ್ತು. ಕಮಕ್ ಕಿಮಕ್ ಎನ್ನಲಿಲ್ಲ. ಪಕ್ಕದ ಹಾಸಿಗೆಯವರು ಕಿರುಚಿದ್ದರಿಂದ ಜೀವ ಉಳಿಯಿತು. ನರ್ಸ್ ಅಲಾರಾಂ ಆಫ್ ಮಾಡಿ ಕೂತಿದ್ದರೆಂದು ದೂರು ಬಂತು. ಅಮಾನತು, ಮೇಲೊಂದು ವಿಚಾರಣೆ.

"ನಾನು ಅದನ್ನ ಮುಟ್ಟೇ ಇಲ್ಲ ಕಣೆ. ನೀನಾದ್ರೂ ನಂಬ್ತೀಯಾ?" ಎಂದರು ಅತ್ತಿಗೆ, ಅಡುಗೆಮನೆಯ ಬಾಗಿಲಿಗೆ ಒರಗಿ.

"ನಾನು ನಂಬಿದ್ರೆ ಏನು ಬಂತು ಅತ್ತಿಗೆ? ಫೈಲ್ ಹೇಳ್ಬೇಕು."

ಹಾಸಿಗೆ ಪಕ್ಕದ ಯಂತ್ರಗಳಿಂದ ನರ್ಸ್ ಪರದೆಗೆ ತಂತಿಯಲ್ಲಿ ಹೋಗುವ ಪ್ರತಿ ಪ್ಯಾಕೆಟನ್ನೂ, ಎಂದರೆ ಮಾಹಿತಿಯ ತುಣುಕನ್ನೂ, ಅದು ಬಂದ ಹೊತ್ತಿನ ಸಮೇತ, ಹಳೆಯ ಕಂಪ್ಯೂಟರೊಂದು ಫೈಲಿನಲ್ಲಿ ಹಿಡಿದಿಡುತ್ತಿತ್ತು. ವೈರಮ್ಮ ಅದನ್ನು ತೆರೆದಳು. ಎರಡು ಹತ್ತಕ್ಕೆ ಪ್ಯಾಕೆಟ್‌ಗಳು ಸಲೀಸಾಗಿ ಓಡಾಡಿದ್ದವು. ಎಲ್ಲವೂ ಎಂಬತ್ತು ಸೆಕೆಂಡು ಸ್ತಬ್ಧವಾಗಿದ್ದು ಎರಡು ಹದಿನಾರು ದಾಟಿದ ಮೇಲೆ. ಈ ಫೈಲ್ ವಿಚಾರಣೆಗೆ ಹೋದರೆ ಅತ್ತಿಗೆಯ ಕೆಲಸ ಹೋದ ಹಾಗೇ.

ಎರಡು ದಿನ ಅದನ್ನೇ ಮತ್ತೆ ಮತ್ತೆ ಓದಿದಳು. ಮೂರನೇ ದಿನ ಅದೇ ಫೈಲಿನಲ್ಲಿ ಎಲ್ಲ ಯಂತ್ರಗಳಿಗೂ ಹೊತ್ತು ತಿಳಿಸುವ ಸಮಯದ ಸರ್ವರ್ ಕಳಿಸಿದ ಉತ್ತರವೊಂದು ಕಣ್ಣಿಗೆ ಬಿತ್ತು. ಅದರೊಳಗೆ ಸರಿಯಾದ ಹೊತ್ತು ಇತ್ತು. ಹಳೆಯ ಕಂಪ್ಯೂಟರಿನ ಗಡಿಯಾರ ಆರು ನಿಮಿಷ ಐವತ್ತೆರಡು ಸೆಕೆಂಡು ಮುಂದಿತ್ತು. ಅಷ್ಟನ್ನು ಹಿಂದಕ್ಕೆಳೆದರೆ ಆ ಮೌನ ನೇರವಾಗಿ ಎರಡು ಹತ್ತರ ಮೇಲೆ ಕೂರುತ್ತದೆ. ಒಂದು ಸಾಲಿನ ಕಮಾಂಡ್ ಸಾಕು. ಆದರೆ ನಾದಿನಿ ತಿದ್ದಿದ ಫೈಲನ್ನು ಯಾರು ನಂಬುತ್ತಾರೆ? ಇನ್ನೊಂದು ಹೆದರಿಕೆಯ ಬಗ್ಗೆ ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ. ಆ ಮೌನಕ್ಕೆ ಕಾರಣ ನೆಟ್‌ವರ್ಕ್ ತಂತಿಗಳೆಲ್ಲ ಬಂದು ಸೇರುವ ವಾರ್ಡಿನ ಹಳೆಯ ಸ್ವಿಚ್ ಪೆಟ್ಟಿಗೆ. ಅದನ್ನು ಬದಲಿಸುವುದನ್ನು ಎರಡು ತಿಂಗಳಿಂದ ಮುಂದೂಡಿದವಳು ಅವಳೇ.

ವಿಚಾರಣೆಯ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ಅತ್ತಿಗೆ ತಾನೆ?"

"ಹೌದು ಸರ್. ಅದಕ್ಕೇ ನಿಮ್ಮೆದುರಿಗೆ ಮಾಡ್ತೀನಿ. ಮೂಲ ಫೈಲ್ ಮುಟ್ಟಲ್ಲ, ತಿದ್ದಿದ್ದು ಬೇರೆ ಹೆಸರಲ್ಲಿ ಬರುತ್ತೆ."

ಮೊದಲು ಸರ್ವರಿನ ಉತ್ತರ ತೋರಿಸಿದಳು. ಆಮೇಲೆ ಕಪ್ಪು ಪರದೆಯಲ್ಲಿ ಆ ಆರು ನಿಮಿಷ ಐವತ್ತೆರಡು ಸೆಕೆಂಡನ್ನು ನಾನೂರ ಹನ್ನೆರಡು ಸೆಕೆಂಡು ಎಂದು ಟೈಪ್ ಮಾಡಿ ಹೊಸ ಫೈಲ್ ತೆರೆದಳು. ಮೌನ ಎರಡು ಇಪ್ಪತ್ತಮೂರಕ್ಕೆ ಹೋಗಿ ಕೂತಿತ್ತು.

ಅಧಿಕಾರಿಯ ಪೆನ್ನು ನಿಂತಿತು. ಮೂಲೆಯ ಕುರ್ಚಿಯಲ್ಲಿ ಅತ್ತಿಗೆ ತಲೆ ತಗ್ಗಿಸಿದರು. ವೈರಮ್ಮ ತಾನು ಬರೆದ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು.

"ಮೈನಸ್ ಬಿಟ್ಟಿದ್ದೀನಿ ಸರ್. ಹಿಂದಕ್ಕೆ ತರೋದು ಬಿಟ್ಟು ಮುಂದಕ್ಕೆ ತಳ್ಳಿದ್ದೀನಿ."

"ಬೇಕಾದ ಉತ್ತರ ಬರೋವರೆಗೂ ತಿದ್ತಾ ಇರ್ತೀರಾ?"

"ಇಲ್ಲ ಸರ್. ಗಡಿಯಾರ ಮುಂದಿದ್ದಿದ್ದು ನೀವೇ ನೋಡಿದ್ರಿ. ಮೂಲ ಹಾಗೇ ಇದೆ. ನೀವೇ ಕೂತು ಟೈಪ್ ಮಾಡಿ."

ಅಧಿಕಾರಿ ನಿಜಕ್ಕೂ ಬಂದು ಕೂತರು. ಒಂದೇ ಬೆರಳಲ್ಲಿ ಕುಟ್ಟಿದರು. ಎರಡು ಒಂಬತ್ತು ಇಪ್ಪತ್ತೆಂಟರಿಂದ ಎರಡು ಹತ್ತು ನಲವತ್ತೆಂಟರವರೆಗೆ ವಾರ್ಡಿನಿಂದ ಒಂದು ಪ್ಯಾಕೆಟೂ ಹೊರಟಿರಲಿಲ್ಲ.

"ಯಾಕೆ ನಿಂತಿತ್ತು?"

"ಸ್ವಿಚ್ ಪೆಟ್ಟಿಗೆ ಕೆಟ್ಟಿತ್ತು ಸರ್. ಬದಲಿಸ್ಬೇಕಾಗಿದ್ದು ನಾನು."

ಮುಂದಿನ ವಾರ ಅತ್ತಿಗೆ ಕೆಲಸಕ್ಕೆ ಮರಳಿದರು. ವೈರಮ್ಮನಿಗೆ ನೋಟಿಸ್ ಬಂತು, ಬಡ್ತಿ ಒಂದು ವರ್ಷ ನಿಂತಿತು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ಅತ್ತಿಗೆ ಮುನಿಸಿಕೊಂಡರು.

"ಹೇಳಿದ್ರೆ ನೀವು ಬೇಡ ಅಂತಿದ್ರಿ."

ಹೊಸ ಪೆಟ್ಟಿಗೆ ಕೂರಿಸಿದ ದಿನ ವೈರಮ್ಮ ವಾರ್ಡಿನಲ್ಲಿ ಅರ್ಧ ಗಂಟೆ ಪರದೆ ನೋಡುತ್ತಾ ನಿಂತಿದ್ದಳು. ಹಸಿರು ಗೆರೆಗಳು ಒಂದೂ ತಪ್ಪದೆ ಓಡುತ್ತಿದ್ದವು. ಆದರೂ ಅಲ್ಲಿಂದ ಕಾಲು ಕೀಳಲು ಅವಳಿಗೆ ಧೈರ್ಯ ಬರಲಿಲ್ಲ.